ವಿಷಯ: ಕುದುರೆಯು ಮುಂದೆ ಚಲಿಸದಿರುವ ಕುರಿತು

ವಿಜಯಪುರದ ಜೋರಾಪುರ ಪೇಟೆಯ ನಿವಾಸಿ ದೇವಾನಂದ ಒಂದು ಸರಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಅವನು ದೊಡ್ಡ ಸುಳ್ಳು ಹೇಳಿದ ದಾಖಲೆ ಇಲ್ಲ. ಸಣ್ಣ ಸುಳ್ಳುಗಳನ್ನು ಮಾತ್ರ, ಅದೂ ಊಟದ ಹೊತ್ತಿಗೆ, ಕೇಳಲು ನಾಲ್ಕು ಜನ ಕೂತಿದ್ದಾಗ ಹೇಳುತ್ತಿದ್ದ. ಅಂಥ ಒಂದು ಸುಳ್ಳು ಕಳೆದ ಎಳ್ಳಮಾವಾಸ್ಯೆಯ ದಿನ ಬಿಜ್ಜರಗಿಯ ಹೊಲದಲ್ಲಿ, ಸಜ್ಜಿ ರೊಟ್ಟಿ ಮತ್ತು ಭಜ್ಜಿಪಲ್ಯದ ನಡುವೆ, ಅವನ ಬಾಯಿಂದ ಬಿತ್ತು.

ಹೊಲ ಅವನ ಮಾವ ಕರೆಪ್ಪನದು. ಕರೆಪ್ಪನಿಗೆ ಎಪ್ಪತ್ತೆರಡು ವರ್ಷ. ಎರಡೂ ಮೊಳಕಾಲು ಸವೆದಿದ್ದವು, ದ್ರಾಕ್ಷಿ ತೋಟ ಮನೆಯಿಂದ ಒಂದೂವರೆ ಕಿಲೋಮೀಟರು. ಸ್ಕೂಟರ್ ತಗೊಳ್ಳಿ ಎಂದು ಎಲ್ಲರೂ ಹೇಳಿದ್ದರು. ಅವನು ಒಪ್ಪಿರಲಿಲ್ಲ. ಎಂಟು ವರ್ಷದ ಹುಡುಗನಾಗಿದ್ದಾಗ ಪರರ ಕುರಿ ಕಾಯುತ್ತ ಅವನು ನಡೆದದ್ದಕ್ಕೆ ಲೆಕ್ಕವಿರಲಿಲ್ಲ. ಕುರಿಯ ಯಜಮಾನ ಮುಂದೆ ಕುದುರೆಯ ಮೇಲೆ ಹೋಗುತ್ತಿದ್ದ, ಇವನು ಹಿಂದೆ ಧೂಳು ಕುಡಿಯುತ್ತ ಹೋಗುತ್ತಿದ್ದ. ಆ ದಿನ ಊಟಕ್ಕೆ ಕೂತಾಗ ಅವನು ನಾಚಿಕೊಂಡೇ ಆ ಮಾತು ತೆಗೆದ.

"ಸಾಯೂದ್ರೊಳಗ ಒಮ್ಮೆ ನಂದ ಸ್ವಂತ ಕುದುರಿ ಮ್ಯಾಲೆ ಕುಂತು ತ್ವಾಟಕ್ಕ ಬರಬೇಕು ಅಂತ ಆಸೆ ಐತಿ. ಪಳಗಿಸೋರು ಯಾರು ಅನ್ನೂದ ಚಿಂತಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮೌನದಲ್ಲಿ ದೇವಾನಂದ, ತಾನು ಕಾಲೇಜಿನಲ್ಲಿದ್ದಾಗ ಕುದುರೆ ಸವಾರಿ ಕಲಿತಿದ್ದಾಗಿ, ಮರಿ ಕುದುರೆ ಪಳಗಿಸುವುದು ವಿಶೇಷವೇನಲ್ಲವೆಂದು, ರಜಾ ದಿನಗಳಲ್ಲಿ ಬಂದು ತಾನೇ ತಯಾರು ಮಾಡಿಕೊಡುವುದಾಗಿ ಘೋಷಿಸಿದ. ಅವನ ಸವಾರಿಯ ಅನುಭವ ಮಹಾಬಳೇಶ್ವರದಲ್ಲಿ ಬಾಡಿಗೆ ಕುದುರೆಯ ಮೇಲೆ ಹತ್ತು ನಿಮಿಷ. ಹಗ್ಗ ಬೇರೆಯವರ ಕೈಯಲ್ಲಿತ್ತು. ಆ ಪ್ರವಾಸದಲ್ಲಿ ಜೊತೆಗಿದ್ದ ಹೆಂಡತಿ ನೀಲಾ ಈಗ ಗಂಡನ ಮುಖವನ್ನು ಒಮ್ಮೆ ನೋಡಿ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಮುಂದೆ ಹೋದಳು.

ಹದಿನೈದು ದಿನದಲ್ಲಿ ಕರೆಪ್ಪ ಕುದುರೆ ತಂದ. ಬಬಲೇಶ್ವರದ ಕಡೆ ಸಾರವಾಡದಲ್ಲಿ ಮಾಶಾಬಿ ಎಂಬ ವಯಸ್ಸಾದ ಹೆಣ್ಣುಮಗಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಸೊಸೆ ನಿಖತಳನ್ನು ಕಟ್ಟಿಕೊಂಡು ಕುದುರೆ ಸಾಕುವ ಕಸುಬನ್ನು ಅವಳೇ ನಡೆಸುತ್ತಾಳೆ. ಸುತ್ತಿನ ಊರುಗಳ ಮದುವೆಯ ಮೆರವಣಿಗೆಗೆ ಮದುಮಗ ಏರುವುದು ಅವಳ ಬಿಳಿ ಕುದುರೆ ನವಾಬನನ್ನು. ಕರೆಪ್ಪ ಆರಿಸಿದ್ದು ಮೂರು ವರ್ಷದ ಕಂದು ಬಣ್ಣದ ಹೆಣ್ಣು ಕುದುರೆ. ಜಿಂಕೆಯಂತೆ ಹೆಜ್ಜೆ ಇಡುತ್ತಾಳೆಂದು ಅದಕ್ಕೆ ಹಿರಣಿ ಎಂದು ಹೆಸರು. ಇನ್ನೂ ಎಳೆಯದು, ನಿಖತ ಬಿಟ್ಟರೆ ಯಾರೂ ಹತ್ತಿಲ್ಲ, ಮೂರು ತಿಂಗಳು ನಮ್ಮಲ್ಲೇ ಇರಲಿ ಎಂದು ಮಾಶಾಬಿ ಹೇಳಿದಳಂತೆ. ತನ್ನ ಅಳಿಯ ಇಂಥದರಲ್ಲಿ ಪಳಗಿದವನೆಂದು ಹೇಳಿ ಕರೆಪ್ಪ ಅದನ್ನು ಹೆಮ್ಮೆಯಿಂದ ಹೊಡೆದುಕೊಂಡು ಬಂದ.

ಮೊದಲ ರವಿವಾರ ದೇವಾನಂದ ಬೂಟು, ಕಪ್ಪು ಕನ್ನಡಕ, ಕ್ರಿಕೆಟ್ ಟೊಪ್ಪಿಗೆಗಳೊಂದಿಗೆ ಬಿಜ್ಜರಗಿಯಲ್ಲಿ ಇಳಿದ. ಅವನು ಜೀನಿನ ಮೇಲೆ ಕೂರುವ ಹೊತ್ತಿಗೆ ಅರ್ಧ ಊರು ಕಾಂಪೌಂಡಿನ ಮೇಲೆ ಕೂತಿತ್ತು. ಹಿರಣಿ ನಿಜಕ್ಕೂ ಹತ್ತು ಹೆಜ್ಜೆ ನಡೆದಳು. ಹನ್ನೊಂದನೆಯ ಹೆಜ್ಜೆಗೆ ದೇವಾನಂದನಿಗೆ ನೆಲ ಬಹಳ ಕೆಳಗೆ ಕಂಡಿತು. ಓಡುವ ಬಸ್ಸಿನ ಸರಳು ಹಿಡಿದಂತೆ ಲಗಾಮನ್ನು ಎರಡೂ ಕೈಯಿಂದ ಎದೆಗೆಳೆದುಕೊಂಡ. ಕುದುರೆ ನಿಂತಿತು. ನಿಂತದ್ದು ಅವಮಾನವೆನಿಸಿ ಹಿಮ್ಮಡಿಯಿಂದ ಒದ್ದ, ಒದ್ದರೆ ಓಡೀತೆಂದು ಲಗಾಮನ್ನು ಇನ್ನೂ ಬಿಗಿ ಹಿಡಿದ. ಕುದುರೆ ನಾಲ್ಕೂ ಕಾಲು ಊರಿ ಕಂಬವಾಯಿತು.

ಊರವರು ಸುಮ್ಮನಿರಲಿಲ್ಲ. ಒಬ್ಬ ಮುಂದೆ ಮೇವು ಹಿಡಿದ. ಇನ್ನೊಬ್ಬ ಹಿಂದೆ ಟ್ರ್ಯಾಕ್ಟರ್ ತಂದು ಹಾರನ್ ಹೊಡೆದ. ಮದುವೆ ಮನೆಯ ಕುದುರೆಯಲ್ಲವೇ ಎಂದು ಮತ್ತೊಬ್ಬ ಮೊಬೈಲಿನಲ್ಲಿ ಬ್ಯಾಂಡಿನ ಹಾಡು ಹಚ್ಚಿದ. ಹಿರಣಿ ಕತ್ತು ಹೊರಳಿಸಿ ದೇವಾನಂದನ ಬೂಟನ್ನು ಮೂಸಿ ನೋಡಿ, ಅದರಲ್ಲಿ ವಿಶೇಷವಿಲ್ಲವೆಂದು ತಿಳಿದು ಮತ್ತೆ ನೆಟ್ಟಗೆ ನಿಂತಳು. ಒಂದು ತಾಸು ಅವನು ಮೇಲೇ ಕೂತಿದ್ದ. ಇಳಿಯುವುದು ಹೇಗೆಂಬುದು ಅವನಿಗೆ ಗೊತ್ತಿರಲಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಕುದುರೆ ಹೊಸ ಜಾಗ ಪರಿಚಯ ಮಾಡಿಕೊಳ್ಳುತ್ತಿದೆ, ಅವಸರ ಮಾಡಬಾರದು ಎಂದು ಮೇಲಿನಿಂದಲೇ ವಿವರಿಸಿದ. ಕರೆಪ್ಪ ಗೌರವದಿಂದ ತಲೆದೂಗಿದ.

ಎರಡನೆಯ ರವಿವಾರ ಎರಡು ಹೆಜ್ಜೆ. ಮೂರನೆಯ ರವಿವಾರ ಜೀನು ಹೊರಗೆ ತರುವುದನ್ನು ಕಂಡೇ ಹಿರಣಿ ಕಾಲೂರಿದಳು. ಈಗ ಕಾಂಪೌಂಡಿನ ಮೇಲೆ ಕೂತವರು ಅವನನ್ನು ನೋಡುವ ರೀತಿ ಬದಲಾಗಿತ್ತು. ಯಾರ ಮೇಲಾದರೂ ತಪ್ಪು ಹೊರಿಸದೆ ಬೇರೆ ದಾರಿಯಿರಲಿಲ್ಲ. ಆ ಮುದುಕಿ ಮೋಸ ಮಾಡಿದ್ದಾಳೆ, ಇದಕ್ಕೆ ಹುಟ್ಟಿನಿಂದಲೇ ದೋಷವಿದೆ ಎಂದು ದೇವಾನಂದ ಮಾವನಿಗೆ ಹೇಳಿದ.

ಗುಮಾಸ್ತನಿಗೆ ಕಷ್ಟ ಬಂದರೆ ಅವನು ಅರ್ಜಿ ಬರೆಯುತ್ತಾನೆ. ಸೋಮವಾರ ದೇವಾನಂದ 'ವಿಷಯ: ಕುದುರೆಯು ಮುಂದೆ ಚಲಿಸದಿರುವ ಕುರಿತು' ಎಂದು ಆರಂಭಿಸಿ, ಸಾರವಾಡದ ಮಾಶಾಬಿ ಎಂಬುವರು ದೋಷಪೂರಿತ ಕುದುರೆಯನ್ನು ಮಾರಿರುತ್ತಾರೆಂದು ಎರಡು ಪುಟ ಬರೆದು, ಒಂದು ಪ್ರತಿ ತಿಕೋಟಾದ ಪಶುವೈದ್ಯರಿಗೆ, ಒಂದು ಪ್ರತಿ ಪಂಚಾಯತಿಗೆ, ಒಂದು ಪ್ರತಿ ಪೊಲೀಸ್ ಠಾಣೆಗೆ ಕೊಟ್ಟ. ಠಾಣೆಯಲ್ಲಿದ್ದವರು ಅದನ್ನು ಓದಿ, ಕುದುರೆ ಕಳುವಾಗಿದೆಯೇ ಎಂದು ಕೇಳಿದರು. ಇಲ್ಲ, ಹೋದರೆ ತಾನೇ ಕಳುವಾಗುವುದು, ಅದು ಹೋಗುವುದೇ ಇಲ್ಲವೆಂದು ಇವನು ಹೇಳಿದ. ಒಂದೇ ಕಡೆ ನಿಂತಿರುವುದು ಅಪರಾಧವಾದರೆ ಇಡೀ ಠಾಣೆಯ ವಾಹನಗಳನ್ನು ಹಿಡಿಯಬೇಕಾಗುತ್ತದೆ ಎಂದು ಅವರು ಅರ್ಜಿ ಮರಳಿಸಿದರು.

ಪಶುವೈದ್ಯರು ಮಾತ್ರ ಬಂದು ಹಿರಣಿಯ ಕಾಲು, ಹಲ್ಲು, ಬೆನ್ನು ಎಲ್ಲ ಪರೀಕ್ಷಿಸಿದರು. ವರದಿಯನ್ನು ಕರೆಪ್ಪನ ಕೈಯಲ್ಲಿಟ್ಟರು. ಕುದುರೆಗೆ ರೋಗವಿಲ್ಲ, ಬಾಯಿಯ ಮೂಲೆಯಲ್ಲಿ ಗಾಯಗಳಿವೆ, ಮುಲಾಮು ಹಚ್ಚುವುದು. ಸವಾರರನ್ನು ಪರೀಕ್ಷಿಸುವುದು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕೊನೆಯ ವಾಕ್ಯವನ್ನು ಕರೆಪ್ಪ ಎರಡು ಸಲ ಓದಿಸಿಕೊಂಡು, ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಅರ್ಜಿಯ ಫೋಟೋ ಮೊಬೈಲುಗಳನ್ನು ಹೊಕ್ಕಿತ್ತು. ಎರಡು ದಿನದಲ್ಲಿ ಅದು ತಿಕೋಟಾ ದಾಟಿ ಬಬಲೇಶ್ವರ ತಲುಪಿತು. ಚಲಿಸದ ಕುದುರೆ ನಿಂತಲ್ಲೇ ಜಿಲ್ಲೆ ತಿರುಗಿತು.

ಮರುವಾರ ಮಾಶಾಬಿ ಸೊಸೆಯೊಂದಿಗೆ ಬಿಜ್ಜರಗಿಗೆ ಬಂದಳು. ಎತ್ತರದ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ಬುತ್ತಿಯ ಚೀಲ. ಊರ ಹಿರಿಯರು ಅಂಗಳದಲ್ಲಿ ಸೇರಿದರು. ನಿಖತ ಹಿರಣಿಯ ಮೇಲೆ ಹಗುರಾಗಿ ಹತ್ತಿ, ನಾಲಿಗೆಯಿಂದ ಟಕ್ ಎಂದಳು. ಹಿರಣಿ ನಡುಗಿದಳೇ ಹೊರತು ಕಾಲೆತ್ತಲಿಲ್ಲ. ದಿನಾಲೂ ಇದೇ ಕುದುರೆಯ ಮೇಲೆ ಹಳ್ಳದವರೆಗೆ ಹೋಗಿ ಬರುತ್ತಿದ್ದ ನಿಖತಳ ಮುಖ ಸಪ್ಪಗಾಯಿತು.

ಮಾಶಾಬಿ ಹತ್ತಿರ ಹೋಗಿ ಕುದುರೆಯ ತುಟಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ಎರಡೂ ಕಡೆ ಕೆಂಪಗೆ ಸೀಳಿತ್ತು. ಅವಳು ತಿರುಗಿ ಅಂಗಳದಲ್ಲಿದ್ದ ಎಲ್ಲರ ಕೈಗಳನ್ನೂ ಒಂದೊಂದಾಗಿ ನೋಡಿದಳು. ದೇವಾನಂದನ ಅಂಗೈಗಳಲ್ಲಿ ಲಗಾಮಿನ ಅಗಲಕ್ಕೆ ಸರಿಯಾಗಿ ಬೊಬ್ಬೆಗಳಿದ್ದವು. ಅವನು ಕೈಗಳನ್ನು ಬೆನ್ನ ಹಿಂದೆ ಒಯ್ದ. ಅವಳ ಕಣ್ಣುಗಳು ಅಲ್ಲಿಯೇ ಸ್ವಲ್ಪ ಹೊತ್ತು ನಿಂತವು. ಈಗ ಎಲ್ಲರೆದುರು ತನ್ನ ಮಾನ ಹೋಗುತ್ತದೆಂದು ಅವನಿಗೆ ಖಾತ್ರಿಯಾಯಿತು.

"ತಪ್ಪು ನಂದ ಐತಿ ಕರೆಪ್ಪಣ್ಣ," ಎಂದಳು ಮಾಶಾಬಿ. "ಎಳೀದನ್ನ ಲಗೂನ ಕೊಟ್ಟಬಿಟ್ಟೆ. ಒಯ್ದು ತಿದ್ದಿ ತಂದ ಕೊಡ್ತೀನಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಮುದುಕಿ ತಾನೇ ಒಪ್ಪಿಕೊಂಡಳು, ಅಳಿಯ ಹೇಳಿದ್ದು ಖರೆ ಎಂದು ಒಬ್ಬಿಬ್ಬರು ದೇವಾನಂದನ ಬೆನ್ನು ಚಪ್ಪರಿಸಿದರು. ಚಪ್ಪರಿಸಿದ ಜಾಗ ಉರಿಯಿತು. ಹಿರಣಿಯನ್ನು ಪಿಕಪ್ ಗಾಡಿಗೆ ಹತ್ತಿಸುವಾಗ ಮಾಶಾಬಿ ಅವನಿಗೊಬ್ಬನಿಗೇ ಕೇಳುವಂತೆ, "ಬರೂ ರವಿವಾರ ಸಾರವಾಡಕ್ಕ ಬರ್ರಿ ಸಾಹೇಬ್ರ. ಕೆಡಿಸಿದ ಕೈನ ತಿದ್ದಬೇಕು," ಎಂದಳು.

ಮನೆಯಲ್ಲಿ ಅವನು ರವಿವಾರಗಳಂದು ತರಬೇತಿ ಇದೆ ಎಂದು ಹೇಳಿದ. ಬಹಳ ದಿನಗಳ ನಂತರ ಅವನು ಹೇಳಿದ ನಿಜ ಅದು. ಆದರೆ ಎಂಥ ಇಲಾಖೆಯ ತರಬೇತಿ ಮುಗಿಸಿ ಬಂದರೆ ಮನುಷ್ಯನಿಗೆ ಲದ್ದಿಯ ವಾಸನೆ ಬರುತ್ತದೆಂದು ಎದುರು ಮನೆಯ ಚಂದ್ರಾಬಾಯಿ ನೀಲಾಳನ್ನು ಕೇಳತೊಡಗಿದಳು. ಪ್ರತಿ ಶನಿವಾರ ಅವನು ಸಂತೆಯಿಂದ ಗಜ್ಜರಿ, ಅಂದರೆ ಕ್ಯಾರೆಟ್, ತಂದು ಮುಚ್ಚಿಡುವುದನ್ನು ನೀಲಾ ನೋಡುತ್ತಿದ್ದಳು. ಪಲ್ಯಕ್ಕೆ ಒಂದನ್ನೂ ಮುಟ್ಟಲಿಲ್ಲ.

ಮೊದಲ ದಿನ ಸಾರವಾಡದಲ್ಲಿ ಅವನಿಗೆ ಕುದುರೆಯನ್ನು ಮುಟ್ಟಲೂ ಕೊಡಲಿಲ್ಲ. ಮಾಶಾಬಿ ಹುರಿ ಹೆಣೆದ ಹೊರಸಿನ ಮೇಲೆ ಕೂತು, ಅವನ ಸೊಂಟಕ್ಕೊಂದು ಹಗ್ಗ ಸುತ್ತಿಸಿ, ತುದಿಯನ್ನು ನಿಖತಳ ಕೈಗೆ ಕೊಟ್ಟಳು. ಮುಂದೆ ನಡೆಯಿರಿ ಎಂದಳು. ಅವನು ನಡೆಯಹೊರಟ ಕೂಡಲೇ ನಿಖತ ಹಿಂದೆ ಜಗ್ಗಿದಳು. ನಿಂತ. ಯಾಕೆ ನಿಂತಿರಿ, ನಡೆಯಿರಿ ಎಂದು ಮಾಶಾಬಿ ಬೆತ್ತದಿಂದ ಅವನ ಮೀನಖಂಡಕ್ಕೆ ತಟ್ಟಿದಳು. ಹೆಜ್ಜೆ ಎತ್ತಿದ. ನಿಖತ ಜಗ್ಗಿದಳು. ಹೀಗೆ ಐದಾರು ಸಲ ಆಗುವಷ್ಟರಲ್ಲಿ ಬೇಲಿಯಾಚೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ನೋಡಲು ಶುರು ಮಾಡಿದ್ದರು. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅವ್ವಾರ, ನಾ ಹೋಗ್ಬೇಕೋ ನಿಂದ್ರಬೇಕೋ?"

"ಮೂರು ರವಿವಾರ ಅದೂ ನಿಮಗ ಇದನ್ನ ಕೇಳತಿತ್ತು," ಎಂದಳು ಮಾಶಾಬಿ. "ಕಾಲಿಲೆ ಹೋಗು ಅಂದ್ರಿ, ಕೈಲೆ ನಿಂದ್ರು ಅಂದ್ರಿ. ಹೆಂಗ ಮಾಡಿದ್ರೂ ಪೆಟ್ಟು ತಪ್ಪೂದಿಲ್ಲ ಅಂದಮ್ಯಾಲೆ ನಿಂತಬಿಡ್ತು."

ಅವನು ಹಗ್ಗ ಬಿಚ್ಚಿಕೊಳ್ಳುವುದನ್ನೂ ಮರೆತು ನಿಂತ. ಕೊಟ್ಟಿಗೆಯ ನೆರಳಿನಲ್ಲಿ ಹಿರಣಿ ಮೇವು ಮೆಲ್ಲುತ್ತಿದ್ದಳು. ಗಾಯದ ಕಡೆ ತಾಗದಂತೆ ಒಂದೇ ದವಡೆಯಲ್ಲಿ ಮೆಲ್ಲುತ್ತಿದ್ದಳು. ಆ ದಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ದೇವಾನಂದ ವಿಜಯಪುರದವರೆಗೆ ನಿಂತೇ ಬಂದ.

ಮುಂದಿನ ವಾರಗಳಲ್ಲಿ ನಡೆದದ್ದನ್ನು ತರಬೇತಿ ಎಂದು ಕರೆಯಲು ನೋಡುವವರಿಗೆ ಮನಸ್ಸು ಬರುತ್ತಿರಲಿಲ್ಲ. ಬಾಯಿಗೆ ಕಡಿವಾಣವಿಲ್ಲ, ಬೆನ್ನಿಗೆ ಜೀನಿಲ್ಲ, ಬರೀ ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದು. ಹಿರಣಿ ನಿಂತರೆ ಜಗ್ಗುವಂತಿಲ್ಲ. ಹಗ್ಗ ಸಡಿಲು ಬಿಟ್ಟು, ಮೋರೆಯನ್ನು ಸ್ವಲ್ಪ ಬದಿಗೆ ಹೊರಳಿಸಿ, ಒಂದು ಕಾಲು ಎತ್ತುವವರೆಗೆ ಕಾಯಬೇಕು. ಕಾಲೆತ್ತಿದ ಗಳಿಗೆಗೆ ಶಾಭಾಸ್ ಎನ್ನಬೇಕು. ಗಾಯ ಮಾಯ್ದ ಮೇಲೆ, ಮೆತ್ತನೆಯ ಬಟ್ಟೆ ಒಳಗಿಟ್ಟು ಜೀನು ಹಾಕಿದರು. ನಿಖತ ಮೇಲೆ ಕೂತಳು, ದೇವಾನಂದ ಹಗ್ಗ ಹಿಡಿದ. ಹಿರಣಿ ಬಹಳ ಹೊತ್ತು ಕಾಲೂರಿ ನಿಂತಳು. ಬಿಸಿಲು ಏರಿತು. ಕಡೆಗೆ ಒಂದು ಹೆಜ್ಜೆ ಇಟ್ಟಳು. ತಕ್ಷಣ ನಿಖತ ಇಳಿದು ಜೀನು ಬಿಚ್ಚಿ ಅವಳನ್ನು ಮೇಯಲು ಬಿಟ್ಟಳು. ಇಷ್ಟಕ್ಕಾಗಿ ತಾನು ಊರಿಂದ ಬಂದೆನೇ ಎಂದು ದೇವಾನಂದ ಕೇಳಿದ. ಇವತ್ತಿಗೆ ಇಷ್ಟೇ, ಹೋದರೆ ಬಿಡುಗಡೆ ಇದೆ ಎಂದು ಅದಕ್ಕೆ ತಿಳಿಯಬೇಕಲ್ಲ ಎಂದಳು ಮಾಶಾಬಿ. ಮರುವಾರ ಏಳು ಹೆಜ್ಜೆ. ಅದರ ಮರುವಾರ ಬೇವಿನ ಮರದವರೆಗೆ.

ಈ ಮಧ್ಯೆ ಅವನು ಇನ್ನೊಂದನ್ನು ಗಮನಿಸಿದ. ಏಪ್ರಿಲ್ ಬಂದಿತ್ತು, ಊರೂರಲ್ಲಿ ಮದುವೆ, ಆದರೆ ನವಾಬ ಕೊಟ್ಟಿಗೆಯಲ್ಲೇ ಇದ್ದ. ಬಬಲೇಶ್ವರದ ಸಿದ್ದರಾಯ ಎಂಬುವರು ಮಗನ ಮದುವೆಗೆ ನವಾಬನನ್ನು ಗೊತ್ತು ಮಾಡಿದ್ದರು. ಅರ್ಜಿಯ ಫೋಟೋ ನೋಡಿ ಬೇಡವೆಂದರು, ಅವರನ್ನು ನೋಡಿ ಮತ್ತಿಬ್ಬರು ಬೇಡವೆಂದರು. ಮದುಮಗನನ್ನು ಹೊತ್ತು ನಡುಬೀದಿಯಲ್ಲಿ ನಿಂತುಬಿಟ್ಟರೆ ಗತಿಯೇನು ಎಂಬುದು ಎಲ್ಲರ ಪ್ರಶ್ನೆ. ಇದನ್ನು ನಿಖತ ಸಿಟ್ಟಿಲ್ಲದೆ, ನವಾಬನ ಮೈ ತಿಕ್ಕುತ್ತ ಹೇಳಿದಳು. ಈ ವರ್ಷ ಇವನಿಗೆ ಬಹಳ ವಿಶ್ರಾಂತಿ ಎಂದಳು. ದೇವಾನಂದ ಗಜ್ಜರಿಯ ಚೀಲ ಹಿಡಿದು, ಯಾವ ಕುದುರೆಗೆ ಕೊಡಬೇಕೆಂದು ತಿಳಿಯದವನಂತೆ ನಡುವೆ ನಿಂತ.

ಹತ್ತನೆಯ ರವಿವಾರ ಮಾಶಾಬಿ ಅವನನ್ನೇ ಹತ್ತಿಸಿದಳು. ಕೈಗಳು ತೊಡೆಯ ಮೇಲೆ ಇರಬೇಕು, ಅಂಜಿಕೆಯಾದರೆ ಕುತ್ತಿಗೆಯ ಕೂದಲು ಹಿಡಿಯಬೇಕು, ಲಗಾಮು ಮುಟ್ಟಬಾರದು. ಅವನ ಮೈಯೆಲ್ಲ ಬೆವರು. ನಾಲಿಗೆಯಿಂದ ಟಕ್ ಎಂದ. ಒಣಗಿದ ಬಾಯಲ್ಲಿ ಅದು ಸರಿಯಾಗಿ ಬರಲೂ ಇಲ್ಲ. ಹಿರಣಿ ಕಿವಿ ಹಿಂದಕ್ಕೆ ಮಾಡಿದಳು, ಇವನು ಅವನೇ ಎಂದು ಗುರುತು ಹಿಡಿದಳು. ಅವನು ಕಾಯ್ದ. ಆಮೇಲೆ ಅವಳು ನಡೆದಳು. ಬೇವಿನ ಮರ ದಾಟಿ, ಬೇಲಿಗುಂಟ ತಿರುಗಿ, ಹೊರಸಿನ ಹತ್ತಿರ ಬಂದಳು. ಅವನು ಇಳಿದು ಅವಳ ಕುತ್ತಿಗೆಗೆ ಹಣೆ ಹಚ್ಚಿ ನಿಂತ. ಮಾಶಾಬಿ ಬೇರೆ ಕಡೆ ನೋಡುತ್ತ ಎಲೆ ಅಡಿಕೆ ಹಾಕಿಕೊಂಡಳು.

ಮೇ ತಿಂಗಳ ಮೊದಲ ವಾರ ಕರೆಪ್ಪನಿಗೆ ಕರೆ ಹೋಯಿತು. ಅವನು ನೀಲಾಳೊಂದಿಗೆ ಬಂದ. ದೇವಾನಂದನೂ ಅಲ್ಲೇ ಇರುವುದನ್ನು ಕಂಡು ಇಬ್ಬರೂ ಆಶ್ಚರ್ಯಪಡಲಿಲ್ಲ. ಮುದುಕನನ್ನು ಕಲ್ಲಿನ ಕಟ್ಟೆಯ ಮೇಲಿಂದ ಜೀನಿಗೆ ಕೂರಿಸಿದರು. ಹಿರಣಿ ಅವನನ್ನು ಹೊತ್ತು ಹಳ್ಳದವರೆಗೆ ಮೆಲ್ಲಗೆ ಹೋಗಿ ಮೆಲ್ಲಗೆ ಬಂದಳು. ಕರೆಪ್ಪ ಅಳುತ್ತಿದ್ದನೋ ನಗುತ್ತಿದ್ದನೋ, ರುಮಾಲು ಮುಖಕ್ಕೆ ಅಡ್ಡ ಬಂದಿತ್ತು. ಇಳಿದವನು ಮಾಶಾಬಿಗೆ ಕೈಮುಗಿದು, ಎಂಥ ಕೆಟ್ಟ ಕುದುರೆಯನ್ನು ಎಷ್ಟು ಚೆನ್ನಾಗಿ ತಿದ್ದಿದಿರಿ ಎಂದ.

ಕೆಟ್ಟ ಕುದುರೆ ಎಂಬ ಮಾತಿಗೆ ಹಿರಣಿ ಬಾಲ ಬೀಸಿದಳು. ಮಾಶಾಬಿ ಜೀನಿನ ಪಟ್ಟಿ ಬಿಚ್ಚತೊಡಗಿದಳು. ದೇವಾನಂದನಿಂದ ತಡೆಯಲಾಗಲಿಲ್ಲ.

"ಮಾವಾರ, ಕುದುರಿ ಕೆಟ್ಟದ್ದಲ್ರಿ. ನಂಗ ಸವಾರಿ ಬರೂದಿಲ್ಲ. ಮೊದಲೂ ಬರತಿದ್ದಿಲ್ಲ. ಅದರ ಬಾಯಿ ಹರದಾಂವ ನಾನ."

ಹೇಳಿ ತಲೆ ತಗ್ಗಿಸಿದ. ಗುಡುಗು ಬರುತ್ತದೆಂದು ಕಾಯ್ದ. ಬರಲಿಲ್ಲ.

"ಡಾಕ್ಟರು ಬರದಾಗನ ಗೊತ್ತಾಗಿತ್ತು," ಎಂದ ಕರೆಪ್ಪ, ರುಮಾಲು ಸರಿಪಡಿಸಿಕೊಳ್ಳುತ್ತ. "ನೀವ ಹೇಳ್ತೀರಿ ಅಂತ ಇಷ್ಟ ದಿವಸ ಕಾಯ್ದೆ."

ದೇವಾನಂದ ನೀಲಾಳ ಕಡೆ ತಿರುಗಿದ. ಮಹಾಬಳೇಶ್ವರಕ್ಕೆ ತಾನೂ ಬಂದಿದ್ದೆನಲ್ಲ ಎಂದು ಅವಳು ಸಮಾಧಾನದಿಂದಲೇ ಹೇಳಿದಳು. ವಿಚಾರಿಸುತ್ತ ಹೋದಂತೆ, ಬಿಜ್ಜರಗಿಯ ಕಾಂಪೌಂಡಿನ ಮೇಲೆ ಕೂತವರಲ್ಲೂ ಅರ್ಧ ಜನಕ್ಕೆ ಮೊದಲ ದಿನವೇ ಸಂಶಯ ಬಂದಿತ್ತೆಂದು ತಿಳಿಯಿತು. ಪರವೂರಿನ ಅಳಿಯ, ಬಾಯಿಬಿಟ್ಟು ಹೇಳುವುದು ಹೇಗೆಂದು ಸುಮ್ಮನಿದ್ದರಂತೆ. ನಾಲ್ಕು ತಿಂಗಳು ಅವನು ಮುಚ್ಚಿಟ್ಟದ್ದನ್ನು ಎಲ್ಲರೂ ಅವನ ಸಲುವಾಗಿ ಮುಚ್ಚಿಟ್ಟಿದ್ದರು. ಬೈಗುಳವಾದರೆ ಅವನು ತಾಳಿಕೊಳ್ಳುತ್ತಿದ್ದ. ಈ ಮರ್ಯಾದೆಯನ್ನು ತಾಳುವುದು ಕಷ್ಟವಾಯಿತು.

"ನಮಗ ಹೇಳಿದ್ರ ಏನ ಬಂತು," ಎಂದ ಕರೆಪ್ಪ. "ಗೊತ್ತಿಲ್ದಾವ್ರು ಬಬಲೇಶ್ವರದಾಗ ಅದಾರು. ಅಲ್ಲಿ ಹೇಳ್ರಿ."

ಅಂದೇ ಮಧ್ಯಾಹ್ನ ದೇವಾನಂದ ಸಿದ್ದರಾಯನ ಮನೆಯ ಪಡಸಾಲೆಯಲ್ಲಿ ನಿಂತಿದ್ದ. ಮದುವೆಗೆ ಒಂಬತ್ತು ದಿನ. ಬೀಗರು ಬಂದಿದ್ದರು, ಹೆಂಗಸರು ಶ್ಯಾವಿಗೆ ಒಣಗಿಸುತ್ತಿದ್ದರು. ತನ್ನ ಪರಿಚಯ ಹೇಳಿದ ಕೂಡಲೇ ಎಲ್ಲರೂ ಕೆಲಸ ಬಿಟ್ಟು ನೋಡಿದರು. ಅರ್ಜಿಯವನು ಇವನೇ ಎಂದು ಬಾಗಿಲ ಮರೆಯಲ್ಲಿ ಯಾರೋ ಯಾರಿಗೋ ಹೇಳಿದರು. ಅವನು ನಿಂತುಕೊಂಡೇ ಎಲ್ಲವನ್ನೂ ಒದರಿದ. ಸಿದ್ದರಾಯ ಜಬರದಸ್ತ ಮನುಷ್ಯ. ಪೂರ್ತಿ ಕೇಳಿಸಿಕೊಂಡು, ಬಾಯಿಮಾತು ನಡೆಯುವುದಿಲ್ಲ, ಅದನ್ನು ಬರೆದು ಹಾಳು ಮಾಡಿದ್ದೀರಿ, ಇದನ್ನೂ ಬರೆದು ಕೊಡಿ ಎಂದು ಲಗ್ನಪತ್ರಿಕೆಯ ಹಿಂಬದಿ ಕೊಟ್ಟ.

ಇಪ್ಪತ್ತೆರಡು ವರ್ಷ ಪರರ ತಪ್ಪುಗಳ ಬಗ್ಗೆ ಸರಾಗವಾಗಿ ಟಿಪ್ಪಣಿ ಬರೆದ ಕೈಗೆ ಆ ನಾಲ್ಕು ಸಾಲು ಬರೆಯಲು ಮುಕ್ಕಾಲು ತಾಸು ಹಿಡಿಯಿತು. ಸಿದ್ದರಾಯ ಅದನ್ನು ಬೀಗರೆದುರು ದೊಡ್ಡ ದನಿಯಲ್ಲಿ ಓದಿದ. ಒಂದು ಕಾಗುಣಿತ ತಪ್ಪನ್ನೂ ಎತ್ತಿ ತೋರಿಸಿದ. ಫೋಟೋ ತೆಗೆದು, ಹಳೆಯ ಅರ್ಜಿ ಬಂದ ದಾರಿಯಲ್ಲೇ ಇದನ್ನೂ ಕಳಿಸಿದ. ಆಮೇಲೆ, ನವಾಬನೇ ಬರಲಿ, ಆದರೆ ಒಂದು ಕರಾರು ಎಂದ.

"ಮೆರವಣಿಗ್ಯಾಗ ನೀವೂ ನಡೀಬೇಕ್ರಿ. ಅಂಜಿಕಿ ಹುಟ್ಟಿಸಿದವರು ಎಲ್ಲಾರ ಕಣ್ಣಿಗೆ ಕಾಣ್ಲಿ."

ಮದುವೆಯ ದಿನ ಬೆಳಿಗ್ಗೆ ಬಬಲೇಶ್ವರದ ಬೀದಿಯಲ್ಲಿ ನವಾಬ ಮದುಮಗನನ್ನು ಹೊತ್ತು ಗಂಭೀರವಾಗಿ ಹೊರಟ. ಹಗ್ಗ ನಿಖತಳ ಕೈಯಲ್ಲಿತ್ತು. ಕರೆಪ್ಪನ ಮನೆಗೆ ಕಳಿಸುವ ಮೊದಲು ಗದ್ದಲ ರೂಢಿಯಾಗಲೆಂದು ಮಾಶಾಬಿ ಹಿರಣಿಯನ್ನೂ ಖಾಲಿ ಜೀನು ಹಾಕಿ ಹಿಂದೆ ತಂದಿದ್ದಳು. ಅವಳ ಹಗ್ಗ ದೇವಾನಂದನ ಕೈಯಲ್ಲಿ. ತಲೆಗೆ ಮಾಶಾಬಿ ಕೊಟ್ಟ ಕೆಂಪು ರುಮಾಲು. ಎರಡೂ ಬದಿಯ ಮಾಳಿಗೆಗಳ ಮೇಲಿಂದ ಜನ ಮದುಮಗನನ್ನು ಒಮ್ಮೆ ನೋಡಿ, ಬೆರಳು ಮಾಡಿ ಇವನನ್ನು ಎರಡು ಸಲ ನೋಡುತ್ತಿದ್ದರು.

ಸಂದಿಯ ತಿರುವಿನಲ್ಲಿ ಬ್ಯಾಂಡಿನವರು ಒಮ್ಮೆಲೇ ಜೋರು ಹಿಡಿದರು. ಹಿರಣಿ ನಾಲ್ಕೂ ಕಾಲು ಊರಿ ನಿಂತಳು. ನವಾಬ ಮುಂದೆ ಹೋದ, ಮೆರವಣಿಗೆ ಮುಂದೆ ಹೋಯಿತು. ಹಿಂದೆ ಬೀಗರ ಕಾರುಗಳು ಸಾಲುಗಟ್ಟಿದವು. ಮೊದಲ ಕಾರಿನಿಂದ ಇಳಿದು ಬಂದವರು ದೇವಾನಂದನ ಕಚೇರಿಯ ಸಾಹೇಬರು. ಹೆಣ್ಣಿನ ಕಡೆಯ ಸಂಬಂಧಿಕರಂತೆ. ರುಮಾಲಿನ ಕೆಳಗಿನ ಮುಖವನ್ನು ಅವರು ಬಗ್ಗಿ ನೋಡಿದರು.

"ದೇವಾನಂದ? ನೀವು ಇಲ್ಲಿ ಇದೇನ ಮಾಡಾಕತ್ತೀರಿ?"

ಅವನ ಬಾಯಿಗೆ ಮೂರು ಉತ್ತರಗಳು ಬಂದವು, ಮೂರೂ ಒಪ್ಪವಾದ ಸುಳ್ಳುಗಳು. ಕಿವಿಗಳು ಕಾದ ಹಂಚಿನಂತೆ ಸುಡುತ್ತಿದ್ದವು. ಕೈ ತಾನಾಗಿ ಹಗ್ಗವನ್ನು ಬಿಗಿ ಹಿಡಿಯಹೊರಟಿತು. ಅವನು ಬೆರಳು ಬಿಚ್ಚಿದ.

"ಕುದುರಿ ಕಾಯಾಕತ್ತೇನ್ರಿ ಸರ್. ಅದು ನಡಿಯೂತನ ನಾವೆಲ್ಲಾರೂ ಒಂದೀಟು ನಿಂದ್ರಬೇಕು."

ಸಾಹೇಬರು ನಿಂತರು. ಕಾರುಗಳು ನಿಂತವು. ದೇವಾನಂದ ಹಿರಣಿಯ ಮೋರೆಯನ್ನು ಸ್ವಲ್ಪ ಬದಿಗೆ ಹೊರಳಿಸಿ, ಇಡೀ ಬೀದಿಯ ಕಣ್ಣುಗಳು ತನ್ನ ಮೇಲಿರುವಾಗ, ಕಾಯ್ದ. ಬ್ಯಾಂಡು ದೂರವಾಯಿತು. ಆಮೇಲೆ ಅವಳ ಮುಂಗಾಲು ಎದ್ದಿತು.

"ಶಾಭಾಸ್," ಎಂದ ಅವನು, ಯಾರಿಗೂ ಕೇಳದಷ್ಟು ಮೆಲ್ಲಗೆ, ಮತ್ತು ಅವಳ ಜೊತೆ ನಡೆದ.